ತಪ್ಪಿನ ಲೆಕ್ಕವನ್ನೂ ಜೊತೆಗೇ ಕೊಡುವ ಡೇಟಾ: ಫಿಡ್ಯೂಸಿಯೋ ಮೈಕ್ರೋವೇವ್ ತೇವಾಂಶ ದಾಖಲೆ ಬಳಸಿದ ಅನುಭವ

ಮೂರು ವರ್ಷದಿಂದ ನನ್ನ ಹಾರ್ಡ್ ಡಿಸ್ಕಿನ ಬಹುಪಾಲು ಜಾಗವನ್ನು ಒಂದೇ ಡೇಟಾಸೆಟ್ ಹಿಡಿದುಕೊಂಡಿದೆ. ಫಿಡ್ಯೂಸಿಯೋ ಯೋಜನೆಯವರು ಮತ್ತೆ ಮೊದಲಿನಿಂದ ಕ್ಯಾಲಿಬ್ರೇಟ್ ಮಾಡಿ (ಅಳತೆ ಸರಿಹೊಂದಿಸಿ) ಕೊಟ್ಟಿರುವ ಮೈಕ್ರೋವೇವ್ ತೇವಾಂಶ ಮಾಪಕಗಳ ದಾಖಲೆ ಅದು. ಉಪಗ್ರಹದಿಂದ ಗಾಳಿಯ ತೇವಾಂಶ ಅಳೆಯುವ ಕೆಲಸಕ್ಕೆ ಇಳಿದವರು ಯಾರಾದರೂ ಯಾವ ಫೈಲಿನಿಂದ ಶುರು ಮಾಡಲಿ ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಯಾಕೆ ಅಂತ ಬರೆಯುವುದಕ್ಕೆ ಈಗ ಸಮಯ ಸಿಕ್ಕಿದೆ.

ಮೊದಲು ನನ್ನ ಕಥೆ ಹೇಳಬೇಕು. ನಾನು ಹವಾಮಾನ ಮಾದರಿಗಳ ಮೇಲೆ ಕೆಲಸ ಮಾಡುವ ಗುಂಪಿನಲ್ಲಿ ಉಪಗ್ರಹ ಡೇಟಾ ನೋಡಿಕೊಳ್ಳುತ್ತೇನೆ. ಸೇರಿದ ಹೊಸದರಲ್ಲಿ ಒಂದು ಗ್ರಾಫ್ ಮಾಡಿದ್ದೆ. ಉಷ್ಣವಲಯದ ಸಮುದ್ರಗಳ ಮೇಲೆ, ಸುಮಾರು 6ರಿಂದ 12 ಕಿಲೋಮೀಟರ್ ಎತ್ತರದಲ್ಲಿ, ತೇವಾಂಶ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತಿದೆ ಎಂಬ ಗ್ರಾಫ್. ಆ ಎತ್ತರದಲ್ಲಿ ಇರುವ ನೀರಾವಿ ತೀರಾ ಕಡಿಮೆ. ಆದರೆ ಭೂಮಿಯ ಶಾಖವನ್ನು ತಡೆದು ಹಿಡಿಯುವುದರಲ್ಲಿ ಆ ಸ್ವಲ್ಪ ಆವಿಯ ಪಾಲು ದೊಡ್ಡದು. ಅಮೆರಿಕದ ಹವಾಮಾನ ಉಪಗ್ರಹ ನೋಆ-16ರ ಹಳೆಯ ಫೈಲುಗಳಿಂದ ಗೆರೆ ಎಳೆದೆ. ಚೆನ್ನಾಗಿ ಇಳಿಜಾರಾಗಿ ಬಂತು. ಖುಷಿಯಿಂದ ನಮ್ಮ ಮೇಡಂಗೆ ತೋರಿಸಿದೆ. ಅವರು ಗ್ರಾಫನ್ನು ಎರಡು ನಿಮಿಷ ನೋಡಿ ಒಂದೇ ಪ್ರಶ್ನೆ ಕೇಳಿದರು: "ಆಕಾಶ ಬದಲಾಯ್ತಾ, ಮೀಟರ್ ಬದಲಾಯ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ಕಾಲದಲ್ಲಿ ಹಾರುತ್ತಿದ್ದ ನೋಆ-15, ನೋಆ-17ರ ಗೆರೆಗಳನ್ನು ಅದರ ಮೇಲೆ ಇಟ್ಟು ನೋಡಿದೆ. ಶುರುವಿನಲ್ಲಿ ಮೂರೂ ಹತ್ತಿರ ಹತ್ತಿರ. ವರ್ಷ ಕಳೆದಂತೆ ನೋಆ-16 ಮಾತ್ರ ಬೇರೆ ದಾರಿ ಹಿಡಿದಿತ್ತು. ಬದಲಾಗಿದ್ದು ಮೀಟರ್.

ಈ ಮೀಟರ್ ಕೆಲಸ ಮಾಡುವ ರೀತಿ ತಿಳಿಯದಿದ್ದರೆ ಡೇಟಾದ ಬೆಲೆ ತಿಳಿಯುವುದಿಲ್ಲ. ನೀರಾವಿಯ ಅಣು 183.31 ಗಿಗಾಹರ್ಟ್ಸ್‌ನಲ್ಲಿ ಮೈಕ್ರೋವೇವ್ ಕಿರಣವನ್ನು ಜೋರಾಗಿ ಹೀರುತ್ತದೆ, ಅಲ್ಲೇ ಹೊರಸೂಸುತ್ತದೆ ಕೂಡ. ಹೀಗೆ ಹೀರುವ ಜಾಗಕ್ಕೆ ಗೆರೆ ಅನ್ನುತ್ತಾರೆ. ಆ ಗೆರೆಯ ನಡುವಿಗೆ ಹತ್ತಿರದ ಚಾನೆಲ್, ಅಂದರೆ ಮಾಪಕ ಆರಿಸಿ ನೋಡುವ ಆವರ್ತನ, ಮೇಲಿನ ಪದರವನ್ನು ನೋಡುತ್ತದೆ. ಪಕ್ಕಕ್ಕೆ ಸರಿದಷ್ಟೂ ಕೆಳಗಿನ ಪದರ ಕಾಣುತ್ತದೆ. ನೋಆ-15, 16, 17ರಲ್ಲಿದ್ದ ಎಎಂಎಸ್‌ಯು-ಬಿ ಮಾಪಕಕ್ಕೆ ಹೀಗೆ ನಡುವಿನಿಂದ 1, 3 ಮತ್ತು 7 ಗಿಗಾಹರ್ಟ್ಸ್ ದೂರದಲ್ಲಿ ಮೂರು ಚಾನೆಲ್, ಜೊತೆಗೆ 89 ಮತ್ತು 150ರಲ್ಲಿ ಇನ್ನೆರಡು. ಮೋಡ ಇದ್ದರೂ ಬಹುತೇಕ ತೊಂದರೆ ಇಲ್ಲ. ದಪ್ಪ ಹಿಮದ ಮೋಡ, ಜೋರು ಮಳೆ ಇದ್ದಲ್ಲಿ ಮಾತ್ರ ಎಚ್ಚರ ಬೇಕು. ಇನ್‌ಫ್ರಾರೆಡ್ ಮಾಪಕಕ್ಕೆ ಈ ಅನುಕೂಲ ಇಲ್ಲ. ಅದಕ್ಕೆ ಮೋಡ ಅಡ್ಡ ಬಂದರೆ ಮುಗಿಯಿತು.

ಮಾಪಕ ನಮಗೆ ನೇರವಾಗಿ ಕೊಡುವುದು ತಾಪಮಾನವನ್ನೂ ಅಲ್ಲ, ತೇವಾಂಶವನ್ನೂ ಅಲ್ಲ. ಸುಮ್ನೆ ಒಂದು ಅಂಕಿ ಕೊಡುತ್ತದೆ. ಅದಕ್ಕೆ ಕೌಂಟ್ ಅನ್ನುತ್ತಾರೆ. ಕೌಂಟನ್ನು ಕೆಲ್ವಿನ್ ಮಾಡುವುದೇ ಕ್ಯಾಲಿಬ್ರೇಷನ್. ತಕ್ಕಡಿಯನ್ನು ಖಾಲಿ ಇಟ್ಟು ಮುಳ್ಳು ನೋಡಿ, ಆಮೇಲೆ ಗೊತ್ತಿರುವ ತೂಕದ ಕಲ್ಲು ಇಟ್ಟು ನೋಡುತ್ತೇವಲ್ಲ, ಇಲ್ಲೂ ಅದೇ ಲೆಕ್ಕ. ಖಾಲಿ ತಟ್ಟೆಯ ಜಾಗದಲ್ಲಿ ಆಳ ಆಕಾಶ ಇದೆ, 2.73 ಕೆಲ್ವಿನ್. ತೂಕದ ಕಲ್ಲಿನ ಜಾಗದಲ್ಲಿ ಮಾಪಕದ ಒಳಗೇ ಇರುವ ಕಪ್ಪು ಟಾರ್ಗೆಟ್ ಇದೆ. ಅದರ ಬಿಸಿಯನ್ನು ಪ್ಲಾಟಿನಂ ಥರ್ಮಾಮೀಟರ್‌ಗಳು ಅಳೆಯುತ್ತಾ ಇರುತ್ತವೆ. ಎಎಂಎಸ್‌ಯು-ಬಿ ನಂತರ ಬಂದ ಎಂಎಚ್‌ಎಸ್ ಮಾಪಕವನ್ನೇ ತೆಗೆದುಕೊಳ್ಳಿ. ಅದರ ಕನ್ನಡಿ 8 ಸೆಕೆಂಡಿಗೆ ಮೂರು ಸುತ್ತು ತಿರುಗುತ್ತದೆ. ಒಂದೊಂದು ಸುತ್ತಿಗೂ ಭೂಮಿಯ 90 ಚುಕ್ಕೆ, ಆಕಾಶದ 4 ನೋಟ, ಟಾರ್ಗೆಟ್‌ನ 4 ನೋಟ. ಹಗಲು ರಾತ್ರಿ ಇಲ್ಲದೆ, ವರ್ಷಗಟ್ಟಲೆ, ಹೀಗೇ ಸುತ್ತುತ್ತದೆ. ನೆನೆದರೆ ಈಗಲೂ ಮೈ ಜುಮ್ ಅನ್ನುತ್ತದೆ.

ಎರಡು ಬಿಂದು ಗೊತ್ತಿದ್ದರೆ ನಡುವೆ ಗೆರೆ ಎಳೆಯುವುದೇನು ಕಷ್ಟ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಕಲಿಯೋಣ ಅಂತ ಉಪಗ್ರಹ ಭೂಮಿಗೆ ಹಾಕಿದ ಒಂದು ಸುತ್ತಿನ ಕಚ್ಚಾ ಕೌಂಟ್ ತೆಗೆದುಕೊಂಡು ನಾನೇ ಪೈಥಾನ್‌ನಲ್ಲಿ ಕ್ಯಾಲಿಬ್ರೇಟ್ ಮಾಡಿದೆ. ಉತ್ತರ ಸರಿಯಾದ ಫೈಲಿಗಿಂತ ಸುಮಾರು 0.3 ಕೆಲ್ವಿನ್ ಕಡಿಮೆ ಬರುತ್ತಿತ್ತು. ಮೂರು ದಿನ ಹುಡುಕಿದ ಮೇಲೆ ಸಿಕ್ಕಿತು. ಮೈಕ್ರೋವೇವ್‌ನಲ್ಲಿ ಕಿರಣದ ಪ್ರಮಾಣ ತಾಪಮಾನಕ್ಕೆ ನೇರ ಅನುಪಾತದಲ್ಲಿ ಇರುತ್ತದೆ ಎಂದು ಪಾಠದಲ್ಲಿ ಓದಿರುತ್ತೇವೆ. 183 ಗಿಗಾಹರ್ಟ್ಸ್‌ನಲ್ಲಿ, ಅದೂ 2.73 ಕೆಲ್ವಿನ್‌ನಷ್ಟು ತಣ್ಣಗಿರುವ ಆಕಾಶಕ್ಕೆ, ಆ ಮಾತು ನಡೆಯುವುದಿಲ್ಲ. ಬಿಸಿಗೂ ಕಿರಣಕ್ಕೂ ಇರುವ ನಿಜವಾದ ಸಂಬಂಧ ಹೇಳುವ ಪ್ಲಾಂಕ್ ಸೂತ್ರವನ್ನೇ ಪೂರ್ತಿ ಹಾಕಬೇಕು. 0.3 ಕೆಲ್ವಿನ್ ತಾನೇ ಎಂದು ಬಿಡುವ ಹಾಗಿಲ್ಲ. ಮೇಲ್ಪದರದ ಚಾನೆಲ್‌ನಲ್ಲಿ 1 ಕೆಲ್ವಿನ್ ತಪ್ಪಾದರೆ ಸಾಪೇಕ್ಷ ತೇವಾಂಶದ ಬೆಲೆಯಲ್ಲಿ ನೂರಕ್ಕೆ ಸುಮಾರು 7ರಷ್ಟು ಏರುಪೇರಾಗುತ್ತದೆ. ನನ್ನ 0.3 ಅಂದರೆ ನೂರಕ್ಕೆ ಎರಡು. ಹತ್ತು ಇಪ್ಪತ್ತು ವರ್ಷದ ಬದಲಾವಣೆ ಹುಡುಕುವವರಿಗೆ ಇದು ದೊಡ್ಡ ಸಂಖ್ಯೆ.

ಈಗ ಡೇಟಾಸೆಟ್‌ಗೆ ಬರುತ್ತೇನೆ. ಫಿಡ್ಯೂಸಿಯೋ ಯುರೋಪಿಯನ್ ಒಕ್ಕೂಟದ ಹೊರೈಜನ್ 2020 ಹಣದಲ್ಲಿ 2015ರಿಂದ 2019ರವರೆಗೆ ನಡೆದ ಯೋಜನೆ. ಮುಂದಾಳತ್ವ ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದ್ದು. ಮೈಕ್ರೋವೇವ್ ಭಾಗ ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದವರ ಕೆಲಸ. ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಅಳತೆ ತಜ್ಞರೂ ಜೊತೆಗಿದ್ದರು. ಯೋಜನೆಯ ಹೆಸರನ್ನು ಬಿಡಿಸಿದರೆ ಅದರಲ್ಲಿ ನಿಷ್ಠೆ, ಅನಿಶ್ಚಿತತೆ ಎರಡೂ ಪದ ಇವೆ. ಈ ದಾಖಲೆಯಲ್ಲಿ ಮೂರು ತಲೆಮಾರಿನ ಮಾಪಕಗಳಿವೆ: ಅಮೆರಿಕದ ಸೇನೆಯ ಡಿಎಂಎಸ್‌ಪಿ ಉಪಗ್ರಹಗಳ ಎಸ್‌ಎಸ್‌ಎಂ/ಟಿ-2, ನೋಆ ಸರಣಿಯ ಎಎಂಎಸ್‌ಯು-ಬಿ, ಆಮೇಲೆ ನೋಆ-18, ನೋಆ-19 ಮತ್ತು ಯುರೋಪಿನ ಮೆಟಾಪ್ ಉಪಗ್ರಹಗಳ ಎಂಎಚ್‌ಎಸ್. ಅಂದರೆ ತೊಂಬತ್ತರ ದಶಕದಿಂದ ಶುರುವಾಗುವ ಗೆರೆ.

ಬಳಸುವವರ ಕಣ್ಣಿನಿಂದ ಹೇಳುವುದಾದರೆ ಮೊದಲ ನೆಮ್ಮದಿ ಫೈಲುಗಳ ಅಚ್ಚುಕಟ್ಟು. ಕಚ್ಚಾ ಫೈಲುಗಳಲ್ಲಿ ಒಂದರ ಬಾಲ ಇನ್ನೊಂದರ ತಲೆಯ ಮೇಲೆ ಬಿದ್ದಿರುತ್ತದೆ, ಒಂದೇ ಸ್ಕ್ಯಾನ್ ಸಾಲು (ಕನ್ನಡಿಯ ಒಂದು ಸುತ್ತಿನ ಚುಕ್ಕೆಗಳು) ಎರಡು ಸಲ ಬರುತ್ತದೆ. ಇಲ್ಲಿ ಸಮಭಾಜಕದಿಂದ ಸಮಭಾಜಕಕ್ಕೆ ಒಂದು ಸುತ್ತು, ಒಂದು ಫೈಲು. ಎಲ್ಲವೂ ನೆಟ್‌ಸಿಡಿಎಫ್ ಎಂಬ ಒಂದೇ ಫೈಲು ಮಾದರಿಯಲ್ಲಿ. ಎಲ್ಲ ಮಾಪಕಕ್ಕೂ ಒಂದೇ ಬಗೆಯ ಒಳ ಜೋಡಣೆ. ಹಿಂದೆ ನೋಆದ ಫೈಲು ಬಿಚ್ಚಲು ಒಂದು ಕೋಡ್, ಡಿಎಂಎಸ್‌ಪಿಗೆ ಇನ್ನೊಂದು ಕೋಡ್ ಅಂತ ಇಟ್ಟುಕೊಂಡಿದ್ದೆ. ಅದನ್ನೆಲ್ಲ ಅಳಿಸಿದ ದಿನ ನಿಜಕ್ಕೂ ಹಗುರಾಯಿತು.

ನಾನು ಇದಕ್ಕೆ ಮನಸೋತದ್ದು ಮಾತ್ರ ಬೇರೆ ಕಾರಣಕ್ಕೆ. ಪ್ರತಿ ಚುಕ್ಕೆಯ ತಾಪಮಾನದ ಪಕ್ಕದಲ್ಲಿ ಮೂರು ಅನಿಶ್ಚಿತತೆಗಳು ಇವೆ. ಒಂದಲ್ಲ, ಮೂರು. ನನ್ನ ಮಾತಿನಲ್ಲಿ ಹೇಳುತ್ತೇನೆ. ಮೊದಲನೆಯದು ಬಿಡಿ ತಪ್ಪು. ಈ ಚುಕ್ಕೆಯ ನಾಯ್ಸ್‌ಗೂ (ಅಳತೆಯ ಗೊತ್ತುಗುರಿಯಿಲ್ಲದ ಏರಿಳಿತಕ್ಕೂ) ಪಕ್ಕದ ಚುಕ್ಕೆಯ ನಾಯ್ಸ್‌ಗೂ ಸಂಬಂಧ ಇಲ್ಲ. ಎರಡನೆಯದು ಸಾಲುಗೂಡಿದ ತಪ್ಪು. ಆಕಾಶದ ನೋಟ, ಟಾರ್ಗೆಟ್‌ನ ನೋಟ ಎರಡನ್ನೂ ಅಕ್ಕಪಕ್ಕದ ಕೆಲವು ಸಾಲುಗಳ ಸರಾಸರಿ ತೆಗೆದು ಬಳಸುತ್ತಾರೆ. ಹಾಗಾಗಿ ಆ ನೋಟದಲ್ಲಿ ಆದ ತಪ್ಪು ಇಡೀ ಸಾಲಿಗೆ ಅಂಟುತ್ತದೆ, ಹಿಂದಿನ ಮುಂದಿನ ಸಾಲುಗಳಿಗೂ ಸ್ವಲ್ಪ ಸ್ವಲ್ಪ ಹಂಚಿಹೋಗುತ್ತದೆ. ಮೂರನೆಯದು ಎಲ್ಲಕ್ಕೂ ಒಂದೇ ಆಗಿರುವ ತಪ್ಪು. ಟಾರ್ಗೆಟ್‌ನ ಬಿಸಿಯನ್ನೇ ತುಸು ತಪ್ಪಾಗಿ ತಿಳಿದಿದ್ದರೆ ಆ ಉಪಗ್ರಹದ ಇಡೀ ಜೀವಮಾನಕ್ಕೂ ಅದು ಅಂಟಿಕೊಂಡಿರುತ್ತದೆ.

ಯಾಕೆ ಹೀಗೆ ಬೇರೆ ಮಾಡಬೇಕು? ಸರಾಸರಿ ತೆಗೆಯುವಾಗ ಗೊತ್ತಾಗುತ್ತದೆ. ಹತ್ತು ಸಾವಿರ ಚುಕ್ಕೆಗಳ ಸರಾಸರಿ ತೆಗೆದರೆ ಬಿಡಿ ತಪ್ಪು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೂರನೆಯ ತಪ್ಪು ಒಂದು ಕೂದಲೂ ಇಳಿಯುವುದಿಲ್ಲ. ನಾನು ಮೊದಲು ಮಾಡಿದ್ದ ಗ್ರಾಫಿನಲ್ಲಿ ಎಲ್ಲ ತಪ್ಪನ್ನೂ ನಾಯ್ಸ್ ಅಂತ ತಿಳಿದು ಸರಾಸರಿ ತೆಗೆದಿದ್ದೆ. ಗೆರೆಯ ಸುತ್ತ, ಎಷ್ಟು ತಪ್ಪಿರಬಹುದು ಎಂದು ತೋರಿಸುವ ಪಟ್ಟಿ ತುಂಬಾ ತೆಳುವಾಗಿ ಬಂದಿತ್ತು. ಅದು ಸುಳ್ಳು ಧೈರ್ಯ. ಈ ಡೇಟಾದಲ್ಲಿ ಮತ್ತೆ ಲೆಕ್ಕ ಹಾಕಿದಾಗ ಪಟ್ಟಿ ದಪ್ಪ ಆಯಿತು. ದಪ್ಪ ಆದದ್ದಕ್ಕೆ ಬೇಸರ ಆಗಲಿಲ್ಲ. ಇಷ್ಟು ಮಾತ್ರ ಗೊತ್ತು ಎಂದು ಹೇಳುವ ಗೆರೆಯನ್ನು ಯಾರ ಮುಂದೆ ಬೇಕಾದರೂ ಇಡಬಹುದು.

ಇನ್ನೊಂದು ಸಂಗತಿ ಇದರ ಒಳಗಿದೆ. ಈ ಯೋಜನೆಯವರು ಕ್ಯಾಲಿಬ್ರೇಷನ್ ಸಮೀಕರಣ ಬರೆಯುವಾಗ ಕೊನೆಗೆ "+ 0" ಎಂದು ಬರೆಯುತ್ತಾರೆ. ಮೊದಲ ಸಲ ನೋಡಿದಾಗ ಅಚ್ಚಿನ ತಪ್ಪು ಅಂದುಕೊಂಡೆ. ಸೊನ್ನೆ ಕೂಡಿಸಿದರೆ ಏನು ಬಂತು? ಓದಿದ ಮೇಲೆ ಅರ್ಥ ಆಯಿತು. ಸಮೀಕರಣದಲ್ಲಿ ನಾವು ಬರೆಯದೆ ಬಿಟ್ಟ ಸಂಗತಿಗಳು ಇದ್ದೇ ಇರುತ್ತವೆ. ಅವುಗಳ ಒಟ್ಟು ಪರಿಣಾಮ ಸೊನ್ನೆ ಎಂದು ನಾವು ನಂಬಿದ್ದೇವೆ. ಆ ನಂಬಿಕೆಗೂ ಒಂದು ಅನಿಶ್ಚಿತತೆ ಇದೆ. ಅದನ್ನು ಮರೆಯಬಾರದು ಎಂದು ಸೊನ್ನೆಯನ್ನು ಕೈಯಾರೆ ಬರೆದು ಇಟ್ಟಿದ್ದಾರೆ.

ನೋಆ-16ರ ರೋಗ ಅಡಗಿದ್ದದ್ದು ಅಂಥ ಒಂದು ಸೊನ್ನೆಯಲ್ಲೇ. ಉಪಗ್ರಹದಲ್ಲಿ ಅಳೆಯುವ ಮಾಪಕದ ಜೊತೆಗೆ ಭೂಮಿಗೆ ಡೇಟಾ ಕಳಿಸುವ ಟ್ರಾನ್ಸ್‌ಮಿಟರ್‌ಗಳೂ ಇರುತ್ತವೆ. ಅವುಗಳ ರೇಡಿಯೋ ಸಿಗ್ನಲ್ ಮಾಪಕದ ಒಳಗೆ ಸೋರಿದರೆ ಕೌಂಟ್ ಕೆಡುತ್ತದೆ. ನೋಆ-15ರಲ್ಲಿ ಇದು 1998ರಲ್ಲಿ ಉಪಗ್ರಹ ಮೇಲೆ ಹೋದ ನಂತರ ಎದ್ದು ಕಂಡಿತ್ತು, ಅದಕ್ಕೆ ತಿದ್ದುಪಡಿಯನ್ನೂ ಮಾಡಿದ್ದರು. ನೋಆ-16ರಲ್ಲಿ ಶುರುವಿನಲ್ಲಿ ಹಾಗೆ ಕಾಣಲಿಲ್ಲ. ವರ್ಷ ಕಳೆದಂತೆ ತಪ್ಪು ಬೆಳೆಯುತ್ತಾ ಹೋಯಿತು. ಅದೂ ಕನ್ನಡಿಯ ಕೋನಕ್ಕೆ ತಕ್ಕಂತೆ ಬೇರೆ ಬೇರೆ. ಹ್ಯಾಂಬರ್ಗ್ ಗುಂಪಿನ ಇಮ್ಕೆ ಹಾನ್ಸ್ ಮತ್ತು ಸಂಗಡಿಗರು 2019ರಲ್ಲಿ ನೋಆ-16 ಮತ್ತು ನೋಆ-19 ಎರಡರಲ್ಲೂ ಈ ತಪ್ಪಿನ ಮೂಲ ಉಪಗ್ರಹದ ಮೇಲಿನ ರೇಡಿಯೋ ಸೋರಿಕೆಯೇ ಎಂದು ಬಲವಾದ ಸಾಕ್ಷಿ ಇಟ್ಟು ತೋರಿಸಿದರು. ತಿದ್ದುವ ದಾರಿಯನ್ನೂ ಕೊಟ್ಟರು.

ಬೆಳೆಯುತ್ತಾ ಹೋದದ್ದು ಯಾಕೆ ಎಂಬುದು ನನಗೆ ತುಂಬಾ ಹಿಡಿಸಿದ ಭಾಗ. ಸೋರಿಕೆ ಹೆಚ್ಚಾಗಬೇಕಾಗಿಯೇ ಇಲ್ಲ. ಮಾಪಕಕ್ಕೆ ವಯಸ್ಸಾದಂತೆ ಅದರ ಗೇನ್ ಕುಸಿಯುತ್ತದೆ. ಗೇನ್ ಅಂದರೆ ಒಂದು ಕೆಲ್ವಿನ್‌ಗೆ ಎಷ್ಟು ಕೌಂಟ್ ಎಂಬ ಲೆಕ್ಕ. ಅರ್ಥ ಆಗಲಿ ಎಂದು ಕಲ್ಪನೆಯ ಸಂಖ್ಯೆ ಹಾಕುತ್ತೇನೆ. ಹೊಸದರಲ್ಲಿ ಒಂದು ಕೆಲ್ವಿನ್‌ಗೆ 20 ಕೌಂಟ್ ಇದೆ ಅನ್ನಿ. 10 ಕೌಂಟ್ ಸೋರಿದರೆ ತಪ್ಪು ಅರ್ಧ ಕೆಲ್ವಿನ್. ಗೇನ್ 5 ಕೌಂಟ್‌ಗೆ ಇಳಿದ ಮೇಲೆ ಅದೇ 10 ಕೌಂಟ್ ಸೋರಿಕೆ 2 ಕೆಲ್ವಿನ್ ತಪ್ಪಾಗುತ್ತದೆ. ಸೋರಿಕೆ ಎಲ್ಲ ಕೋನದಲ್ಲೂ ಒಂದೇ ಸಮ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ, ಕಾಟವೂ ಇರುತ್ತಿರಲಿಲ್ಲ. ಆಕಾಶದ ನೋಟಕ್ಕೂ, ಟಾರ್ಗೆಟ್ ನೋಟಕ್ಕೂ, ಭೂಮಿಯ ನೋಟಕ್ಕೂ ಅಷ್ಟಷ್ಟೇ ಸೇರಿ, ಕಳೆಯುವಾಗ ಹೊರಟುಹೋಗುತ್ತಿತ್ತು. ಕೋನದಿಂದ ಕೋನಕ್ಕೆ ಬದಲಾಗುವುದರಿಂದಲೇ ಅದು ತಾಪಮಾನವಾಗಿ ವೇಷ ಹಾಕಿಕೊಂಡು ಬರುತ್ತದೆ.

ಇದನ್ನು ಓದಿದ ರಾತ್ರಿ ನನ್ನ ಹಳೆಯ ಗ್ರಾಫನ್ನು ತೆರೆದು ನೋಡಿದೆ. ಸಮುದ್ರದ ಮೇಲಿನ ಗಾಳಿಯ ಕಥೆ ಎಂದು ನಾನು ನಂಬಿದ್ದ ಇಳಿಜಾರು, ಒಂದು ಟ್ರಾನ್ಸ್‌ಮಿಟರ್ ಮತ್ತು ಸೋಲುತ್ತಿದ್ದ ಒಂದು ರಿಸೀವರ್‌ನ ಕಥೆ ಆಗಿತ್ತು.

ಪರೀಕ್ಷೆ ಮಾಡದೆ ಹೊಗಳುತ್ತಿಲ್ಲ. ಎರಡು ಬಗೆಯಲ್ಲಿ ನೋಡಿದ್ದೇನೆ. ಒಂದು, ಎರಡು ಉಪಗ್ರಹಗಳು ಒಂದೇ ಜಾಗದ ಮೇಲೆ ಒಂದೇ ಹೊತ್ತಿಗೆ ನೆಟ್ಟಗೆ ಕೆಳಗೆ ನೋಡುವ ಗಳಿಗೆಗಳನ್ನು ಆರಿಸಿ ಹೋಲಿಸಿದೆ. ಆದರೆ ಧ್ರುವದ ಮೇಲೆ ಹಾಯುವ ಇಂಥ ಉಪಗ್ರಹಗಳು ಹೀಗೆ ಭೇಟಿಯಾಗುವುದು ಬಹುತೇಕ ಧ್ರುವಗಳ ಹತ್ತಿರವೇ. ಅಲ್ಲಿ ಸಿಗುವುದು ತಣ್ಣನೆ ಒಣ ಗಾಳಿ ಮಾತ್ರ. ಅಲ್ಲಿ ಸರಿ ಹೊಂದಿದ ಎರಡು ಮಾಪಕಗಳು ಉಷ್ಣವಲಯದಲ್ಲೂ ಹೊಂದುತ್ತವೆ ಎಂದು ಹೇಳಲಾಗದು. ಹಾಗಾಗಿ ಎರಡನೆಯ ದಾರಿಯಾಗಿ ಉಷ್ಣವಲಯದ ಸಮುದ್ರಗಳ ತಿಂಗಳ ಸರಾಸರಿಗಳನ್ನು ಹೋಲಿಸಿದೆ. ಇಲ್ಲಿ ಇನ್ನೊಂದು ತೊಡಕು ಇದೆ. ಉಪಗ್ರಹಗಳು ಹಾಯುವ ಗಂಟೆ ಬೇರೆ ಬೇರೆ. ನೋಆ ಉಪಗ್ರಹಗಳ ಕಕ್ಷೆ ವರ್ಷಗಳಲ್ಲಿ ಸರಿಯುತ್ತದೆ ಕೂಡ. ಬೆಳಗಿನ ತೇವಾಂಶವನ್ನೂ ಮಧ್ಯಾಹ್ನದ ತೇವಾಂಶವನ್ನೂ ಹೋಲಿಸಿ ಮಾಪಕವನ್ನು ಬೈಯಬಾರದು. ಇದನ್ನೆಲ್ಲ ಗಮನದಲ್ಲಿ ಇಟ್ಟುಕೊಂಡು ನೋಡಿದರೂ, ಹಳೆಯ ಫೈಲುಗಳಲ್ಲಿ ದೂರ ಸರಿದಿದ್ದ ನೋಆ-16ರ ಗೆರೆ ಇಲ್ಲಿ ಉಳಿದವುಗಳ ಹತ್ತಿರ ಬಂದು ನಿಂತಿದೆ. ನೋಆ-19 ಕೂಡ.

ಚಂದ್ರನ ವಿಷಯವನ್ನೂ ಹೇಳಿಬಿಡುತ್ತೇನೆ. ಆಕಾಶದ ಖಾಲಿ ಜಾಗ ನೋಡುವಾಗ ಕೆಲವು ಸಲ ಚಂದ್ರ ಅಡ್ಡ ಬರುತ್ತಾನೆ. ಅವನ ಅಗಲ ಅರ್ಧ ಡಿಗ್ರಿ. ಮಾಪಕದ ನೋಟದ ಅಗಲ 1.1 ಡಿಗ್ರಿ. ಖಾಲಿ ತಟ್ಟೆಯ ಮೇಲೆ ಯಾರೋ ಬೆರಳಿಟ್ಟ ಹಾಗೆ ಆಗುತ್ತದೆ. ಹಾಗೆ ಕೆಟ್ಟ ನೋಟಗಳನ್ನು ಕ್ಯಾಲಿಬ್ರೇಷನ್‌ಗೆ ಮೊದಲೇ ಇಲ್ಲಿ ತೆಗೆದಿರುತ್ತಾರೆ. ಇದೇ ಹ್ಯಾಂಬರ್ಗ್ ಗುಂಪಿನವರು ಚಂದ್ರನನ್ನೇ ಒಂದು ಅಳತೆಗೋಲಾಗಿ ಬಳಸಬಹುದೇ ಎಂದೂ ಕೆಲಸ ಮಾಡಿದ್ದಾರೆ. ಚಂದ್ರನಿಗೆ ಗಾಳಿ ಇಲ್ಲ, ಮೋಡ ಇಲ್ಲ, ವಯಸ್ಸಾಗಿ ಗೇನ್ ಕುಸಿಯುವುದೂ ಇಲ್ಲ. ನನಗೆ ಈ ಯೋಚನೆ ತುಂಬಾ ಇಷ್ಟ.

ಬಳಸುವವರು ತಿಳಿದಿರಬೇಕಾದ ಮಿತಿಗಳಿವೆ. ಎಸ್‌ಎಸ್‌ಎಂ/ಟಿ-2ರ ಚುಕ್ಕೆಗಳು ದೊಡ್ಡವು, ಒಂದು ಸಾಲಿಗೆ 28 ಮಾತ್ರ, ನೆಟ್ಟಗೆ ಕೆಳಗೆ ನೋಡುವಲ್ಲೂ ಸುಮಾರು 48 ಕಿಲೋಮೀಟರ್ ಅಗಲ. ಎಂಎಚ್‌ಎಸ್‌ನದು 16 ಕಿಲೋಮೀಟರ್. ಎರಡನ್ನೂ ಹಾಗೇ ಪಕ್ಕದಲ್ಲಿ ಇಟ್ಟು ಹೋಲಿಸಬೇಡಿ. ಎಂಎಚ್‌ಎಸ್‌ನ ಚಾನೆಲ್‌ಗಳೂ ಹಳೆಯದಕ್ಕೆ ಪೂರ್ತಿ ಹೊಂದುವುದಿಲ್ಲ. 150 ಇದ್ದದ್ದು 157 ಆಗಿದೆ. ಎರಡೂ ಕಡೆ 7 ಗಿಗಾಹರ್ಟ್ಸ್ ನೋಡುತ್ತಿದ್ದ ಚಾನೆಲ್ ಈಗ 190.31ರಲ್ಲಿ ಒಂದೇ ಕಡೆ ನೋಡುತ್ತದೆ. ಇದು ತಪ್ಪಲ್ಲ, ಮಾಪಕ ಕಟ್ಟಿದ ರೀತಿ. ಆದರೆ ಇದನ್ನು ತಿಳಿಯದೆ ಗೆರೆ ಕೂಡಿಸಿದರೆ 2005ರ ಹತ್ತಿರ ಒಂದು ಮೆಟ್ಟಿಲು ಕಾಣುತ್ತದೆ, ಆಕಾಶದಲ್ಲಿ ಏನೋ ಆಯಿತು ಎಂದು ಮೋಸ ಹೋಗುತ್ತೀರಿ. ಈ ಡೇಟಾಸೆಟ್ ಮಾಪಕಗಳನ್ನು ಎಳೆದು ಬಗ್ಗಿಸಿ ಒಂದಕ್ಕೊಂದು ಹೊಂದಿಸುವುದಿಲ್ಲ. ಒಂದೊಂದು ಮಾಪಕದ ಒಳಗಿನ ಕಾರಣ ಹುಡುಕಿ ಅದನ್ನಷ್ಟೇ ತಿದ್ದುತ್ತದೆ. ನನ್ನ ಮಟ್ಟಿಗೆ ಅದೇ ಸರಿಯಾದ ದಾರಿ. ಕೆಲಸ ಮಾತ್ರ ಬಳಸುವವರಿಗೆ ಜಾಸ್ತಿ.

ಬರಿಯ ತೇವಾಂಶ ಸಾಕು, ತಾಪಮಾನದ ತಲೆನೋವು ಬೇಡ ಅನ್ನುವವರಿಗೆ ಇದೇ ಯೋಜನೆಯಿಂದ ಉಷ್ಣವಲಯದ ಮೇಲ್ಪದರದ ತೇವಾಂಶದ ತಿಂಗಳ ದಾಖಲೆಯೂ ಬಂದಿದೆ. ಚಿಕ್ಕ ಫೈಲುಗಳು, ಲ್ಯಾಪ್‌ಟಾಪಿನಲ್ಲೇ ನಡೆಯುತ್ತದೆ. ವಿದ್ಯಾರ್ಥಿಗಳಿಗೆ ಮೊದಲು ಅದನ್ನೇ ಕೊಡುತ್ತೇನೆ. ಕೊಡುವಾಗ ಒಂದು ಮಾತು ಹೇಳುತ್ತೇನೆ: ಇಲ್ಲಿ ಸಂಕೇತ ತಲೆಕೆಳಗು. ಮಾಪಕ ಕಂಡ ತಾಪಮಾನ ಏರಿದರೆ ಮೇಲೆ ಗಾಳಿ ಒಣಗಿದೆ ಎಂದರ್ಥ. ತೇವಾಂಶ ಹೆಚ್ಚಿದಷ್ಟೂ ಮಾಪಕಕ್ಕೆ ಕಾಣುವುದು ಇನ್ನೂ ಮೇಲಿನ, ಇನ್ನೂ ತಣ್ಣಗಿನ ಪದರ. ಪ್ರತಿ ಸಲವೂ ಯಾರಾದರೊಬ್ಬರು ಇಲ್ಲಿ ಎಡವುತ್ತಾರೆ.

ಇದರಿಂದ ಬಗೆಹರಿಯದ ಒಂದು ಪ್ರಶ್ನೆಯೂ ಇದೆ. ಹವಾಮಾನ ಬಲೂನಿನ ಅಳತೆಯಿಂದ ಲೆಕ್ಕ ಹಾಕಿದ ತಾಪಮಾನಕ್ಕೂ ಉಪಗ್ರಹ ಕಂಡ ತಾಪಮಾನಕ್ಕೂ ನಡುವೆ ಒಂದು ಅಂತರ ಇದೆ. 183.31ರ ನಡುವಿನಿಂದ ದೂರ ಸರಿದಷ್ಟೂ ಅದು ಹೆಚ್ಚುತ್ತದೆ. ಒಂದೇ ಮಾಪಕದಲ್ಲಲ್ಲ, ಹಲವು ಮಾಪಕಗಳಲ್ಲಿ. ತಪ್ಪು ಮಾಪಕದ್ದೋ, ಬಲೂನಿನದ್ದೋ, ಲೆಕ್ಕದ ಸೂತ್ರದ್ದೋ ಎಂದು ಈ ಕ್ಷೇತ್ರದವರೆಲ್ಲ ಸೇರಿ 2016ರಲ್ಲಿ ಒಂದು ವಿಮರ್ಶೆ ಪ್ರಕಟಿಸಿದ್ದರು. ಮೇಲೆ ಕಕ್ಷೆಯಲ್ಲಿ ಹೋಗಿ ಹೋಲಿಸಲು ಪಕ್ಕಾ ತೂಕದ ಕಲ್ಲು ಯಾರ ಹತ್ತಿರವೂ ಇಲ್ಲ. ಆದ್ದರಿಂದ ಬದಲಾವಣೆ ನೋಡಲು ಈ ಡೇಟಾ ಬಳಸಿ. ಅಂಕಿಯೇ ಕೊನೆಯ ಸತ್ಯ ಎಂದು ಹಿಡಿಯಬೇಡಿ.

ನನ್ನದು ಒಂದೇ ಆಸೆ ಬಾಕಿ ಇದೆ. ಸಾಫಿರ್ ಈ ದಾಖಲೆಯಲ್ಲಿ ಇಲ್ಲ. ಭಾರತ, ಫ್ರಾನ್ಸ್ ಸೇರಿ ಕಟ್ಟಿದ ಮೇಘಾ-ಟ್ರಾಪಿಕ್ಸ್ ಉಪಗ್ರಹದ ಮೇಲೆ 2011ರ ಅಕ್ಟೋಬರ್ 12ರಂದು ಶ್ರೀಹರಿಕೋಟಾದಿಂದ ಹೊರಟ ಮಾಪಕ ಅದು. 183 ಗಿಗಾಹರ್ಟ್ಸ್ ಗೆರೆಯ ಸುತ್ತಲೇ ಆರು ಚಾನೆಲ್. ನಡುವಿನಿಂದ ಬರೀ 0.2 ಗಿಗಾಹರ್ಟ್ಸ್ ದೂರದಿಂದ ಶುರುವಾಗಿ 11ರವರೆಗೆ. ಸಮಭಾಜಕಕ್ಕೆ ಅದರ ಕಕ್ಷೆಯ ಓರೆ ಬರೀ 20 ಡಿಗ್ರಿ. ಹಾಗಾಗಿ ಅದು ಬೇರೆ ಎಲ್ಲ ಉಪಗ್ರಹಗಳನ್ನೂ ಉಷ್ಣವಲಯದಲ್ಲೇ, ದಿನದ ಎಲ್ಲ ಹೊತ್ತಿನಲ್ಲೂ ಭೇಟಿಯಾಗುತ್ತಿತ್ತು. ಧ್ರುವದ ಹತ್ತಿರ ಮಾತ್ರ ಹೋಲಿಸಬಹುದು ಎಂಬ ಕೊರತೆಗೆ ಅದೇ ಮದ್ದು. 2023ರ ಮಾರ್ಚ್ 7ರಂದು ಉಪಗ್ರಹವನ್ನು ಜಾಗ್ರತೆಯಿಂದ ಕೆಳಗಿಳಿಸಿ ಪೆಸಿಫಿಕ್ ಸಮುದ್ರದ ಮೇಲೆ ಉರಿದುಹೋಗುವಂತೆ ಮಾಡಿದರು. ಅದರ ಕೌಂಟ್‌ಗಳಿಗೂ ಇದೇ ಮೂರು ಅನಿಶ್ಚಿತತೆ, ಇದೇ "+ 0" ಹಾಕಿ ಯಾರಾದರೂ ಕೂತು ಕೆಲಸ ಮಾಡುವುದಾದರೆ, ಫೈಲು ಜೋಡಿಸುವ ಕೆಲಸಕ್ಕೆ ನಾನು ಸಿದ್ಧ.